ಎರವಲು ತಂದ ಗಿಟಾರ್

ನನ್ನ ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ. ಅತ್ತೆ ಬಿಂದಿಗೆ ತೆಗೆದುಕೊಂಡು ಬೀದಿಯ ಬಾವಿಗೆ ಹೋದರು. ನಾನು ಸ್ಕೂಲಿಗೆ ಹೋಗಲೆಂದು ಸೀರೆ ಉಟ್ಟು, ಒಂಬತ್ತನೇ ಕ್ಲಾಸಿಗೆ ಯಾವ ಪಾಠದಲ್ಲಿ ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದೆ. ನೆನಪಾಗಲಿಲ್ಲ. ಅಷ್ಟರಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರಾದ ಎಲೀಷಪ್ಪನವರು ಬಂದು, ಕೊಡೆ ಮಡಚಿ ಬಾಗಿಲಿಗೆ ಒರಗಿಸಿ ಕುಳಿತರು.

ಅವರ ಕಣ್ಣು ಗಿಟಾರಿನ ಮೇಲೆ ಬಿತ್ತು. ನೆಂಟರಿಗೆ ಹಾಸಿಗೆ ತೆಗೆಯುವಾಗ ಅಟ್ಟದಿಂದ ಇಳಿಸಿದ್ದು, ಹಸಿರು ಗವುಸಿನಲ್ಲಿ ಗೋಡೆಗೆ ಒರಗಿ ನಿಂತಿತ್ತು.

"ಇದನ್ನ ಮುಟ್ಟಲ್ಲ ಅಂದಿದ್ದ. ಆ ಮಾತು ಉಳಿಸ್ಕೊಂಡ ಹುಡುಗ," ಎಂದರು. "ಬರೋ ಭಾನುವಾರ ಸುಗ್ಗಿ ಹಬ್ಬ. ಅವನ ಹೆಸರಲ್ಲಿ ಇದನ್ನ ಮೇಜಿನ ಮೇಲಿಡೋಣ. ನಿಮ್ಮತ್ತೆ ಆಗಲೇ ಒಪ್ಪಿದಾರೆ."

ಸುಗ್ಗಿ ಹಬ್ಬದಲ್ಲಿ ಸಭೆಯವರು ಬೆಳೆದದ್ದನ್ನೋ ಮಾಡಿದ್ದನ್ನೋ ತಂದು ದೇವಾಲಯದ ಮೇಜಿನ ಮೇಲಿಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಮ್ಮೆ ಮೇಜಿನ ಮೇಲೆ ಬಿದ್ದದ್ದು ದೇವರದು. ಇಟ್ಟವರಿಗೂ ಬೇಕೆಂದರೆ ಹರಾಜಿನಲ್ಲಿ ಕೂಗಿಯೇ ಪಡೆಯಬೇಕು.

"ಅದು ನಮ್ಮದಲ್ಲ ಸಾರ್. ಗುಬ್ಬಿಯ ಆಂಜನಪ್ಪ ಅನ್ನೋರದು. ಎರವಲು ತಂದಿದ್ರು."

"ಬೆಂಗಳೂರಲ್ಲಿ ಕೊಂಡ್ಕೊಂಡೆ ಅಂತ ನನ್ ಮುಂದೇನೇ ಹೇಳಿದ್ನಲ್ಲಮ್ಮ."

ಅತ್ತೆ ಬಿಂದಿಗೆ ಇಳಿಸುತ್ತ ಒಳಗೆ ಬಂದರು. "ನನಗೂ ಹಂಗೇ ಹೇಳಿದ್ದ. ಕೊಡಕ್ಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನು ಸುಗುಣ. ಸತ್ತೋನ್ನ ಸುಳ್ಳುಗಾರನ್ನ ಮಾಡ್ಬೇಡ."

ಸುಳ್ಳು ಹೇಳಿದ್ದು ನಿಜವಾಗಿಯೂ ನನ್ನ ಗಂಡನೇ. ನಾಟಕ ಕಂಪನಿಯಲ್ಲಿ ನುಡಿಸುತ್ತಿದ್ದವನ ವಾದ್ಯ ಎಂದು ತಿಳಿದರೆ ಚರ್ಚಿನಲ್ಲಿ ಪ್ರಸಂಗ ಮಾಡಲು ಬಿಡುತ್ತಾರೆಯೇ ಎಂಬ ಭಯ ಅವರಿಗೆ.

ನನ್ನ ಗಂಡ ಜೀವರತ್ನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಭಾನುವಾರ ಸಂಬಳವಿಲ್ಲದ ಪ್ರಸಂಗಿ. ಪಾದ್ರಿ ಅಯ್ಯನವರು ಹೋಗಲಾಗದ ಊರುಗಳಿಗೆ ಸರದಿಯ ಮೇಲೆ ಹೋಗಿ ಬೈಬಲ್ ವಾಕ್ಯ ಹೇಳಿ ಬರುತ್ತಿದ್ದರು. ಒಂದು ವಾರ ಗುಬ್ಬಿ, ಒಂದು ವಾರ ಕುಣಿಗಲ್. ಗುಬ್ಬಿಯಲ್ಲಿ ಆರಾಧನೆ ಮುಗಿದ ಮೇಲೆ ಆಂಜನಪ್ಪನ ಮನೆ. ಅಲ್ಲಿ ಕಲಿತದ್ದು ಹವಾಯಿ ಗಿಟಾರ್. ತೊಡೆಯ ಮೇಲೆ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುವುದು. ಕೀರ್ತನೆಯನ್ನು ನುಡಿಸಿದರೂ ಸಿನಿಮಾ ಹಾಡಿನಂತೆಯೇ ಕೇಳುತ್ತಿತ್ತು. ಅಷ್ಟೇನೂ ಚೆನ್ನಾಗಿ ನುಡಿಸುತ್ತಿರಲಿಲ್ಲ. ಪ್ರಸಂಗವೂ ಅಷ್ಟೇ, ಸಾಧಾರಣ. ಎರಡನ್ನೂ ಬಿಡಲು ಮಾತ್ರ ಆಗುತ್ತಿರಲಿಲ್ಲ.

ಆಷಾಢಕ್ಕೆ ಮುಂಚೆ ಆಂಜನಪ್ಪನ ಮಗಳ ಮದುವೆ ಒಂದು ಭಾನುವಾರ ಬಂತು. ಅಂದು ಸರದಿ ಕುಣಿಗಲಿನದು. ಇವರು ಮದುವೆಯ ಚಪ್ಪರದಲ್ಲಿ ಗಿಟಾರ್ ನುಡಿಸಿದರು. ಕುಣಿಗಲಿನಲ್ಲಿ ಜನ ಬಂದು ಕುಳಿತು ಎದ್ದುಹೋದರು. ಎಲೀಷಪ್ಪನವರು ನಮ್ಮ ಮನೆಗೆ ಬಂದು, "ಪೀಠನಾ, ಪಿಟೀಲಾ?" ಎಂದರು. ಪಿಟೀಲಲ್ಲ ಎಂದು ತಿದ್ದುವ ಧೈರ್ಯ ಇವರಿಗಿರಲಿಲ್ಲ. ಮುಂದಿನ ಭಾನುವಾರ ಎಲ್ಲರೆದುರು ನಿಂತು ಗಿಟಾರ್ ಬಿಟ್ಟೆ ಎಂದು ಹೇಳಿದರು. ಅದು ಅಟ್ಟ ಸೇರಿತು. ಅತ್ತೆ ಊರಿಗೆ ಹೋದಾಗಲೆಲ್ಲ ಇಳಿಯುತ್ತಿತ್ತು.

ಮಳೆಗಾಲದ ಕೊನೆಯಲ್ಲಿ ಜ್ವರ ಬಂತು. ಆ ಭಾನುವಾರವೂ ಕುಣಿಗಲ್. "ಈ ಸಲ ತಪ್ಪಿಸಿದ್ರೆ ಗಿಟಾರಿಗೆ ಹೋದ ಅಂತಾರೆ," ಎಂದು ಮಫ್ಲರ್ ಸುತ್ತಿಕೊಂಡು ಬಸ್ಸು ಹತ್ತಿದರು. ನೆನೆದು ಬಂದರು. ಎದೆ ಕಟ್ಟಿತು. ಮುಂದಿನ ಭಾನುವಾರ ಅವರ ಮೇಲೆ ಮಣ್ಣು ಬಿದ್ದಿತ್ತು. ಸೇವೆಯಲ್ಲಿ ಸವೆದ ಜೀವ ಎಂದು ಎಲೀಷಪ್ಪನವರು ಗುಂಡಿಯ ಬಳಿ ಹೇಳಿದರು. ನಾನು ಎಂ.ಎ. ಓದಿದವಳು, ನಾಲ್ಕು ಮಾತು ಜೋಡಿಸಿ ಉತ್ತರ ಹೇಳಬಲ್ಲೆ. ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದೆ.

ಆ ಬೆಳಿಗ್ಗೆ ಎಲೀಷಪ್ಪನವರು ಕೊಡೆ ತೆಗೆದುಕೊಂಡು ಹೋದ ಮೇಲೆ ಗವುಸಿನ ಜೇಬಿನಿಂದ ಉಕ್ಕಿನ ತುಂಡನ್ನು ತೆಗೆದು ನನ್ನ ಕೈಚೀಲದೊಳಗೆ ಹಾಕಿಕೊಂಡೆ. ಬೆರಳಿನಷ್ಟು ಉದ್ದ, ಕೈಗೆ ತಣ್ಣಗೆ. ಗಿಟಾರನ್ನು ಶನಿವಾರ ಮಧ್ಯಾಹ್ನ ಗುಬ್ಬಿಗೆ ಒಯ್ಯುವುದೆಂದುಕೊಂಡೆ. ಶನಿವಾರ ಸ್ಕೂಲಿನಿಂದ ಬರುವಷ್ಟರಲ್ಲಿ ಅದು ಗೋಡೆಯ ಬಳಿ ಇರಲಿಲ್ಲ.

"ಎಲ್ಲಿಟ್ರಿ ಅತ್ತೆ?"

"ಸೇರ್ಬೇಕಾದ ಕಡೆ ಸೇರ್ತು," ಎಂದು ಅವರು ಅಕ್ಕಿ ಆರಿಸುತ್ತ ಕುಳಿತರು.

ಭಾನುವಾರ ಅದು ಮೇಜಿನ ಮೇಲಿತ್ತು. ಎಡಕ್ಕೆ ಬೂದುಗುಂಬಳ, ಬಲಕ್ಕೆ ಎಳನೀರಿನ ಗೊನೆ, ನಡುವೆ ರಾಗಿ ತೆನೆಯ ಕಟ್ಟಿಗೆ ಒರಗಿ. ಗವುಸು ಕಳಚಿ ಚೆಂಡುಹೂವಿನ ಹಾರ ಹಾಕಿದ್ದರು. ಆರಾಧನೆ ಮುಗಿದು ಎಲೀಷಪ್ಪನವರು ಹರಾಜಿಗೆ ಎದ್ದು ನಿಂತಾಗ ನಾನೂ ಎದ್ದೆ. ಹೆಂಗಸರ ಸಾಲು ದಾಟಿ ಮುಂದೆ ಹೋಗಿ, ಹಾರ ತೆಗೆದು ಕುಂಬಳಕಾಯಿಯ ಮೇಲಿಟ್ಟು, ಗಿಟಾರನ್ನು ಎತ್ತಿಕೊಂಡೆ.

"ಏನಮ್ಮಾ ಇದು! ಮೇಜಿನ ಮೇಲಿಟ್ಟದ್ದು ದೇವರದು. ಬೇಕಾದ್ರೆ ಹರಾಜಲ್ಲಿ ಕೂಗು."

"ಬೇರೆಯವರದ್ದನ್ನ ದೇವರಿಗೆ ಕೊಡೋಕಾಗಲ್ಲ ಸಾರ್. ಇದು ಎರವಲು."

"ಸುಗುಣ, ಮಾನ ಕಳೀಬೇಡ ಕಣೇ," ಎಂದು ಅತ್ತೆ ಅಳತೊಡಗಿದರು.

ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಬಂತು. "ಗಂಡನ್ನ ಕೊಟ್ಟೋಳಿಗೆ ಗಿಟಾರ್ ಕೊಡಕ್ಕಾಗಲ್ವಂತೆ."

ಯಾರೋ ಕಿಸಕ್ಕೆಂದರು. ಹೊರಗೆ ಹೋಗುವವರೆಗೂ ನಾನು ತಿರುಗಿ ನೋಡಲಿಲ್ಲ. ಗವುಸು ಕೇಳಲು ಮರೆತಿದ್ದೆ.

ಮಧ್ಯಾಹ್ನದ ರೈಲಿನಲ್ಲಿ ಬರಿಯ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕೊಬ್ಬರಿ ವ್ಯಾಪಾರದ ಇಬ್ಬರು ನನ್ನ ಬಿಳಿ ಸೀರೆಯನ್ನೂ ಅದನ್ನೂ ನೋಡಿ, ಮಾತು ನಿಲ್ಲಿಸಿ, ಕಿಟಕಿಯ ಕಡೆ ತಿರುಗಿದರು.

ಆಂಜನಪ್ಪನ ಮನೆ ಗುಬ್ಬಿಯ ಸಂತೆ ಮೈದಾನದ ಹಿಂದೆ. ಕಂಪನಿ ಬಿಟ್ಟ ಮೇಲೆ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ನನ್ನನ್ನು ನೋಡಿ ಎದ್ದು, ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡ.

"ಸುದ್ದಿ ಬಂತು ತಾಯಿ. ಮಣ್ಣಿಗೆ ಬರೋಣ ಅಂದ್ಕೊಂಡೆ. ನಿಮ್ ಜನ ಏನಂತಾರೋ ಅಂತ ಬರ್ಲಿಲ್ಲ."

ಗಿಟಾರನ್ನು ಜಗಲಿಯ ಮೇಲೆ ಮಲಗಿಸಿದೆ.

"ಮಡಿಕೊಳ್ಳಿ ತಾಯಿ. ನಾನೇನ್ ಮಾಡ್ಲಿ ಇದ್ನ? ಜೀವರತ್ನಪ್ಪನೋರಿಗೆ ಕೊಟ್ಟಂಗೇನೇ."

"ಬೇಡ. ಎರವಲು ತಂದದ್ದು."

ಅವನು ಒಂದು ತಂತಿಯನ್ನು ಬೆರಳಿನಿಂದ ಮೀಟಿ ಶ್ರುತಿಯ ಬಿರಡೆ ತಿರುವಿದ. "ಕೈ ಕೂಡ್ತಾ ಬಂದಿತ್ತು. ಪೂರ್ತಿ ಇದಕ್ಕೇ ಕೂತ್ಕೋತೀನಿ ಅಂತಿದ್ರು. ಸುಗ್ಗಿ ಹಬ್ಬ ಒಂದಾಗ್ಲಿ ಆಂಜನಪ್ಪ, ಪ್ರಸಂಗ ಬಿಟ್ಟುಬುಡ್ತೀನಿ ಅಂದಿದ್ರು."

"ಸಭೆಗೆ ಗಿಟಾರ್ ಬಿಟ್ಟೆ ಅಂದಿದ್ರು."

ಆಂಜನಪ್ಪ ಜೋರಾಗಿ ನಕ್ಕುಬಿಟ್ಟ. ನಗು ತಪ್ಪೆನಿಸಿತೇನೋ, ಟವೆಲಿನಿಂದ ಬಾಯಿ ಒರೆಸಿಕೊಂಡ.

"ನಿಮಗೇನಂದಿದ್ರು ತಾಯಿ?"

"ಜ್ವರ ಇಲ್ಲ ಅಂದಿದ್ರು."

ಅವನು ತಲೆ ಬಗ್ಗಿಸಿ ಗಿಟಾರಿನ ಅಡಿ, ಪಕ್ಕ ತಡವಿದ. "ಗವುಸೆಲ್ಲೋಯ್ತು? ಉಕ್ಕಿನ ತುಂಡು ಅದ್ರಲ್ಲೇ ಇರ್ತಿತ್ತು."

"ಗವುಸು ಚರ್ಚಲ್ಲಿ ಉಳೀತು."

"ಹೋಗ್ಲಿ ಬುಡಿ. ಚೂರು ಕಬ್ಬಿಣ."

ನಾನು ನಮಸ್ಕಾರ ಹೇಳಿ ಬೀದಿಗೆ ಇಳಿದೆ. ಹಿಂದಿನಿಂದ ಆಂಜನಪ್ಪ ಏನೋ ಹುಡುಕಿ, ಚಾಕುವಿನ ಬೆನ್ನನ್ನೋ ಏನನ್ನೋ ತಂತಿಯ ಮೇಲೆ ಜಾರಿಸಿದ್ದು ಕೇಳಿಸಿತು. ಕರಕರ ಎಂದಿತು. ಎರಡನೆಯ ಸಲವೂ ಹಾಗೆಯೇ. ನಾನು ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡು ಸಂತೆ ಮೈದಾನದವರೆಗೂ ನಡೆದೆ. ಇದು ಎರವಲು ಎಂದು ಚರ್ಚಿನಲ್ಲಿ ನಾನೇ ಆಡಿದ ಮಾತು ನನ್ನ ಹಿಂದೆಯೇ ಬಂತು.

ತಿರುಗಿ ಹೋದೆ. ಆಂಜನಪ್ಪ ತಲೆಯೆತ್ತಿದ. ಕೈಚೀಲ ತೆರೆದು, ಉಕ್ಕಿನ ತುಂಡನ್ನು ಜಗಲಿಯ ಮೇಲೆ, ಅವನ ಎಡಗೈಯ ಪಕ್ಕದಲ್ಲಿ ಇಟ್ಟೆ.