ಬೀಗತಿಯ ಕುಪ್ಪಸ

ನಮ್ಮ ಎದುರುಮನೆಯ ಈರವ್ವನ ಸೊಸೆ ಸುಮಂಗಲಾ ಗುಳೇದಗುಡ್ಡದ ನೇಕಾರರ ಮಗಳು. ಅವಳು ಬಸುರಾಗಿ ಏಳನೆಯ ತಿಂಗಳಿಗೆ ಬಿದ್ದಾಗ ಅಮೀನಗಡದ ಅತ್ತೆಮನೆಯಲ್ಲೇ ಕುಬಸದ ಕಾರ್ಯ ಇಟ್ಟುಕೊಂಡರು. ಹಸಿರು ಸೀರೆ, ಹಸಿರು ಕುಪ್ಪಸ ತವರಿನಿಂದ ಬರಬೇಕು. ಸುಮಂಗಲಾಳ ತಾಯಿ ಬನವ್ವ ಕುಪ್ಪಸದ ಖಣವನ್ನು ಅಂಗಡಿಯಿಂದ ತರಲಿಲ್ಲ, ಗಂಡನಿಗೂ ನೇಯಗೊಡಲಿಲ್ಲ. ಇಷ್ಟು ವರ್ಷ ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಕೊಟ್ಟವಳು ಈ ಸಲ ತಾನೇ ಮಗ್ಗಕ್ಕೆ ಕೂತಳು. ಎಲೆಹಸಿರು ಒಡಲು, ಅದರ ತುಂಬ ಸೂಜಿಮಲ್ಲಿಗೆ ಹೂ, ಕೆಂಪು ರೇಷ್ಮೆಯ ದಡಿ. ಮಗ್ಗಕ್ಕೆ ಹೂಡಿದ ಒಂದೇ ಹಾಸಿನ ನೂಲಿನಲ್ಲಿ ಎರಡು ಖಣ ನೇಯ್ದು, ಒಂದರಲ್ಲಿ ಮಗಳಿಗೆ, ಇನ್ನೊಂದರಲ್ಲಿ ತನಗೆ ಕುಪ್ಪಸ ಹೊಲಿಸಿದಳು.

ಬನವ್ವನಿಗೆ ಬೀಗತಿಯೆಂದರೆ ಅಂಜಿಕೆ. ಮದುವೆಯ ಊಟದಲ್ಲಿ ಈರವ್ವ, "ಹೋಳಿಗಿಗೆ ತುಪ್ಪ ತೋರಿಸ್ಯಾರ, ಹಾಕಿಲ್ಲ" ಅಂದ ಮಾತು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮಗಳ ಮನೆಗೆ ಬಂದರೂ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು.

ಕಾರ್ಯದ ದಿನ ಸುಮಂಗಲಾಳಿಗೆ ಸೀರೆ ಉಡಿಸಲು ನಾವು ನಾಲ್ಕಾರು ಹೆಂಗಸರು ಒಳಕೋಣೆ ಸೇರಿದ್ದೆವು. ಹೊರಗೆ ಆರತಿಯ ತಯಾರಿ ನಡೆದಿತ್ತು. ಕುಪ್ಪಸದ ತೋಳು ಮೊಣಕೈ ದಾಟಿತು, ಅಲ್ಲಿಗೆ ನಿಂತಿತು. ಎಷ್ಟು ಎಳೆದರೂ ಮೇಲೇರಲಿಲ್ಲ. ಬನವ್ವ ಮಗಳ ಮದುವೆಯ ಕಾಲದ ಅಳತೆಗೇ ಹೊಲಿಸಿದ್ದಳು.

ಈರವ್ವನ ನಾದಿನಿ ರತ್ನವ್ವ ಬಾಯಿ ತೆರೆದಳು. "ತವರಿನವರು ಬಟ್ಟಿ ಭಾಳ ಉಳಿಸ್ಯಾರ ಬಿಡ್ರಿ."

"ಅವರು ಉಳಿಸಿಲ್ರಿ, ನಾನ ಕರದಂಟು ಉಳಿಸಿಲ್ಲ," ಅಂದಳು ಸುಮಂಗಲಾ.

ಎಲ್ಲರೂ ನಕ್ಕರು. ಬನವ್ವ ಮಾತ್ರ ಗೋಡೆಗೆ ಆತು ನಿಂತಿದ್ದಳು.

"ಟ್ರಂಕಿನ್ಯಾಗ ಹಸರು ಜಂಪರ ಇದ್ರ ಅದನ್ನ ಹಾಕ್ರಿ, ಹೊತ್ತಾಗತೈತಿ," ಅಂದಳು ರತ್ನವ್ವ.

"ಜಂಪರ ಬಜಾರದಾಗ ಸಿಗತಾವ," ಅಂದಳು ಈರವ್ವ. "ಇದನ್ನ ಬೀಗತಿ ತಾನ ಕುಂತು ನೇದಾಳ. ಸೊಸಿ ತಿಂಗಳಿನಿಂದ ಇದೊಂದ ಮಾತು ಹೇಳಾಕತ್ತಾಳ. ಇದನ್ನ ಹಾಕೂದು. ನೀವೆಲ್ಲಾ ಹೊರಗ ನಡೀರಿ, ಎರಡು ಹಾಡು ಹೆಚ್ಚಿಗಿ ಹಾಡ್ರಿ."

ಹೊಲಿಯುವವಳೆಂದು ನನ್ನನ್ನು ಉಳಿಸಿಕೊಂಡು ಈರವ್ವ ಅಗಳಿ ಹಾಕಿದಳು. ನಾನು ಕುಪ್ಪಸವನ್ನು ತಿರುವಿ ನೋಡಿದೆ. ಬಿಚ್ಚಿ ಅಗಲಿಸಲು ಒಳಗೆ ಬಟ್ಟೆ ಬಿಟ್ಟಿರಲಿಲ್ಲ.

"ಎಲ್ಲಿಂದರ ಜೋಡಿಸಬೇಕವ್ವಾ. ಇಂಥಾದ್ದ ಬಟ್ಟಿ ಬೇಕು," ಅಂದೆ.

ಬನವ್ವ ಸೆರಗು ಸರಿಸಿ ತಾನು ತೊಟ್ಟ ಕುಪ್ಪಸದ ಗಂಟು ಬಿಚ್ಚತೊಡಗಿದಳು. "ಇದು ಅದರ ಜೋಡಿಂದು. ಕತ್ತರಸ್ರಿ."

"ಮತ್ತ ನೀವೇನು ತೊಟಗೊಂಡು ಕುಂಡ್ರತೀರಿ?" ಈರವ್ವ ಕೇಳಿದಳು.

"ಸೆರಗು ಹೊದ್ದು ಮೂಲ್ಯಾಗ ಕುಂಡ್ರತೀನ್ರಿ."

"ಬೀಗತಿನ್ನ ಮೂಲ್ಯಾಗ ಕುಂಡ್ರಿಸಿದ್ರ ಓಣಿ ಮಂದಿ ನನ್ನ ಬಿಡತಾರೇನು?" ಅಂದವಳೇ ಈರವ್ವ ಟ್ರಂಕು ತೆಗೆದು ತನ್ನ ನೀಲಿ ಕುಪ್ಪಸವೊಂದನ್ನು ಅವಳ ಕೈಗಿತ್ತಳು. ಕಡ್ಡಿಯಂಥ ಬನವ್ವನ ಮೈಮೇಲೆ ಅದು ಜೋಲಿಯಂತೆ ತೂಗಿತು. ಈರವ್ವ ತಾನೇ ಮಂಡಿಯೂರಿ ಕೂತು ಹಿಂದೆ ಮುಂದೆ ಪಿನ್ನು ಚುಚ್ಚಿ ಬಿಗಿ ಮಾಡಿದಳು.

ನಾನು ಓಣಿ ದಾಟಿ ನನ್ನ ಮಷೀನಿಗೆ ಓಡಿದೆ. ಅಂಥ ಬಟ್ಟೆಗೆ ಕತ್ತರಿ ಹಾಕಲು ಕೈ ಹಿಂಜರಿಯಿತು. ಆದರೂ ಹಾಕಿದೆ. ಕಂಕುಳಿಗೊಂದು ತುಂಡು, ತೋಳಿಗೊಂದು ಪಟ್ಟಿ ಕೊಟ್ಟು, ದಡಿಗೆ ದಡಿ ಕೂಡಿಸಿ ಹೊಲಿದೆ. ಒಂದೇ ಹಾಸಿನದಾದ್ದರಿಂದ ಬಣ್ಣದಲ್ಲಿ ಕೂದಲೆಳೆಯಷ್ಟೂ ಫರಕು ಕಾಣಲಿಲ್ಲ. ತಂದು ತೊಡಿಸಿದಾಗ ತೋಳು ಸರಾಗ ಏರಿತು. ಸುಮಂಗಲಾ ಉಸಿರು ಬಿಟ್ಟು, "ಈಗ ಊಟಕ್ಕೂ ಜಾಗ ಆತು," ಅಂದಳು.

ಆರತಿಗೆ ಈರವ್ವ ಬನವ್ವನನ್ನು ತನ್ನ ಮಗ್ಗುಲಲ್ಲೇ ಕೂಡಿಸಿಕೊಂಡಳು. ರತ್ನವ್ವನ ಕಣ್ಣು ತಪ್ಪಲಿಲ್ಲ. "ಬೀಗತಿ ಮೈಮ್ಯಾಲ ಯಾರ ಕುಪ್ಪಸ ಅದು?"

"ನಂದ," ಅಂದಳು ಈರವ್ವ. "ಅವರ ಮಗಳನ್ನ ನಾ ಇಟ್ಟಕೊಂಡೀನಿ, ಒಂದು ಕುಪ್ಪಸರ ಕೊಡಬಾರದೇನು?"

ಎಲ್ಲರೂ ಬನವ್ವನ ಮುಖ ನೋಡಿದರು. ಅವಳು ತಲೆ ತಗ್ಗಿಸಿಯೇ ಮೆಲ್ಲಗೆ ಅಂದಳು, "ಕೊಟ್ಟದ್ದು ಚೊಲೋ ಆತ್ರಿ. ಇದರಾಗ ನಾನಷ್ಟ ಅಲ್ಲ, ನಮ್ಮ ಮನಿಯವರೂ ಹಿಡೀತಾರ."

ಈರವ್ವ ನಕ್ಕ ನಗುವಿಗೆ ಆರತಿಯ ತಟ್ಟೆ ಹಿಡಿದವಳ ಕೈ ನಡುಗಿ ದೀಪವೊಂದು ಆರಿತು. ಮತ್ತೆ ಹಚ್ಚಿದರು. ಆ ಸಂಜೆ ಬಸ್ಸಿನ ಹೊತ್ತಿಗೆ ಬನವ್ವ ಈರವ್ವನ ಅಡುಗೆಮನೆಯಲ್ಲಿ ಕೂತು, ಕಾಲು ಚಾಚಿಕೊಂಡು, ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಸುಮಂಗಲಾ ತವರಿನಲ್ಲಿ ಹೆಣ್ಣುಮಗು ಹಡೆದಳು. ತೊಟ್ಟಿಲಿಗೆಂದು ಗುಳೇದಗುಡ್ಡಕ್ಕೆ ಹೋದ ಈರವ್ವ ವಾರವಾದರೂ ಬರಲಿಲ್ಲ. ಮಗ ಫೋನು ಮಾಡಿದರೆ, "ಇಲ್ಲಿ ಮಳಿ ಹಿಡದೈತಪಾ, ಬಸ್ಸಿಲ್ಲ," ಅಂದಳಂತೆ. ಅವತ್ತು ಬನವ್ವನ ಅಂಗಳದಲ್ಲಿ ಮೊಮ್ಮಗಳ ಬಟ್ಟೆಗಳು ಬಿಸಿಲಿಗೆ ಗರಿಗರಿಯಾಗಿ ಒಣಗಿದ್ದವೆಂದು ಸುಮಂಗಲಾ ಆಮೇಲೆ ಹೇಳಿದಳು.