ಸರಾಸರಿ ಎರಡು ಸೆಕೆಂಡ್

ಶನಿವಾರ ಬೆಳಗ್ಗೆ ಒಂಬತ್ತು ನಲವತ್ತೊಂದು, ಡಯಾಲಿಸಿಸ್ ಕೇಂದ್ರದ ಆನ್‌ಲೈನ್ ಬುಕಿಂಗ್ ತೆರೆಯಲು ಇನ್ನು ಹತ್ತೊಂಬತ್ತು ನಿಮಿಷ, ಸವಳಂಗ ರಸ್ತೆಯ ಎರಡನೇ ಮಹಡಿಯ ಕಚೇರಿಯಲ್ಲಿ ಸಮತಾಳ ಕಣ್ಣು ಒಂದೇ ಸಾಲಿನ ಮೇಲೆ ನಿಂತಿದೆ, ಅವಳೇ ಕಟ್ಟಿದ ಬುಕಿಂಗ್ ಪುಟದ ಲೋಡ್ ಟೆಸ್ಟ್, ಜನ ನುಗ್ಗಿದರೆ ಪುಟ ತೆರೆಯಲು ಎಷ್ಟು ಹೊತ್ತು ಎಂಬ ಪರೀಕ್ಷೆ, ಸಾವಿರ ಜನ, ಸರಾಸರಿ ಎರಡು ಸೆಕೆಂಡ್, ಮಾನಕ ವಿಚಲನೆ ಐದು ಪಾಯಿಂಟ್ ಒಂಬತ್ತು — ಕೆಳಗೆ ಬಸ್ಸೊಂದು ಹಾರ್ನ್ ಒತ್ತಿಕೊಂಡೇ ಹೋಗುತ್ತದೆ, ಕಿಟಕಿಯ ಗಾಜು ಸಣ್ಣಗೆ ಅದುರುತ್ತದೆ — ಐದು ಪಾಯಿಂಟ್ ಒಂಬತ್ತು, ಎಲ್ಲರಿಗೂ ಹೆಚ್ಚುಕಡಿಮೆ ಎರಡೇ ಸೆಕೆಂಡ್ ಹಿಡಿದಿದ್ದರೆ ಈ ಅಂಕಿ ಸೊನ್ನೆಯ ಹತ್ತಿರ ಇರಬೇಕಿತ್ತು, ಸರಾಸರಿಯ ಮೂರು ಪಟ್ಟು ಬಂದಿದೆ ಎಂದರೆ ಯಾರೋ ಕೆಲವರು ಬಹಳ ದೂರ ಬಿದ್ದಿದ್ದಾರೆ, ಸೊನ್ನೆಗಿಂತ ಬೇಗ ಯಾವ ಪುಟವೂ ತೆರೆಯುವುದಿಲ್ಲ, ಹಾಗಾಗಿ ಬಿದ್ದವರೆಲ್ಲ ಒಂದೇ ಕಡೆ, ತಡವಾಗುವ ಕಡೆ, ಗುರುವಾರ ಅವಳು ಸಾವಿರ ಸಾಲನ್ನೂ ಬಿಡಿಸಿ ನೋಡಿದ್ದಳಲ್ಲ, ಒಂಬೈನೂರ ಅರವತ್ತು ಜನಕ್ಕೆ ಒಂದು ಸೆಕೆಂಡೂ ಹಿಡಿದಿಲ್ಲ, ನಲವತ್ತು ಜನಕ್ಕೆ ಮೂವತ್ತೊಂದು ಸೆಕೆಂಡ್, ಎರಡು ಸೆಕೆಂಡ್ ಕಾದವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ, ಸರಾಸರಿ ಎಂಬ ಮನುಷ್ಯ ಎಲ್ಲೂ ಇಲ್ಲ, ಮತ್ತು ಆ ನಲವತ್ತೂ ಬಂದದ್ದು ಮೊದಲ ಸೆಕೆಂಡಿನಲ್ಲೇ, ಬಾಗಿಲು ತೆಗೆದ ಕೂಡಲೇ ನುಗ್ಗಿದವರು ಹೊಸಿಲಲ್ಲಿ ಸಿಕ್ಕಿಕೊಂಡರು, ನಿಧಾನವಾಗಿ ಬಂದವರು ಪಕ್ಕದಿಂದ ಒಳಗೆ ಹೋದರು, ಇದನ್ನು ಅವಳು ದುಶ್ಯಂತ್‌ಗೆ ತೋರಿಸಿದ್ದಳು, ಕಚೇರಿ ಅವನದು, ಅವನು ಟೀ ಲೋಟ ಕೆಳಗಿಡದೆಯೇ ಹೇಳಿದ್ದ, ಅಯ್ಯೋ ಮಾರಾಯ್ತಿ, ಕೇಂದ್ರ ನಡೆಸೋ ಟ್ರಸ್ಟಿನವರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ, ಸರಾಸರಿ ಒಂದು ಇಡು ಸಾಕು, ನೂರಕ್ಕೆ ನಾಲ್ಕು ಜನ ತಾನೆ, ಎಸ್ಸೆಸ್ಸೆಲ್ಸೀಲಿ ನಿಂಗೆ ತೊಂಬತ್ತಾರು ಬಂದಿದ್ರೆ ಅತ್ಕೊಂಡು ಕೂತಿರ್ತಿದ್ಯಾ? ಅವಳೂ ನಕ್ಕಿದ್ದಳು, ನಗುತ್ತಲೇ ಅವರಿಗೆ ಹೋಗುವ ವರದಿಯಿಂದ ವಿಚಲನೆಯ ಕಾಲಂ ಅಳಿಸಿದ್ದಳು, ಅಳಿಸಿದ್ದು ದುಶ್ಯಂತ್ ಅಲ್ಲ, ಅವಳ ಬೆರಳು.

ಬೆರಳು — ಬುಧವಾರ ಭದ್ರಾವತಿಯಲ್ಲಿ ಬಂಗಾರಮ್ಮ ಅತ್ತೆ ಹಾಲೇಶ್ ಮಾವನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದ್ದರು, ನೋಡು, ಗುಳಿ ಬಿದ್ದಿದ್ದು ಏಳೋದೇ ಇಲ್ಲ, ಮಾವ ಪಂಚೆ ಎಳೆದುಕೊಂಡು, ಸಾಕು ಬಿಡೇ, ಬಂದೋರಿಗೆಲ್ಲ ಅದೇ ಪ್ರದರ್ಶನ, ಅಲ್ಲಿಯ ಘಟಕದ ಯಂತ್ರ ಕೆಟ್ಟಿದೆ, ಮಾವನ ರಕ್ತ ಶುದ್ಧಿಯಾಗಿ ಇವತ್ತಿಗೆ ಆರು ದಿನ, ಸೋಮವಾರ ದಾಟಿದರೆ ನಾನು ಏನೂ ಹೇಳಲಾರೆ ಅಂದಿದ್ದಾರೆ ಡಾಕ್ಟರು, ಉಳಿದಿರುವುದು ಶಿವಮೊಗ್ಗದ ಈ ಹೊಸ ಕೇಂದ್ರ, ವಾರಕ್ಕೆ ತೊಂಬತ್ತಾರು ಸರದಿ, ಮೊದಲು ಒತ್ತಿದವರಿಗೆ ಮೊದಲು — ಒಂಬತ್ತು ನಲವತ್ತೇಳು, ಬುಕಿಂಗ್ ಹತ್ತು ನಿಮಿಷ ಮುಂದಕ್ಕೆ ಹಾಕೋಣವಾ, ಸರಿಮಾಡ್ತೀನಿ, ಎಂದು ದುಶ್ಯಂತ್‌ಗೆ ಕಳಿಸಿದ ಮೆಸೇಜಿಗೆ ಉತ್ತರ ಬರುತ್ತದೆ, ಸ್ಟೇಜ್ ಮೇಲಿದೀನಿ, ಉದ್ಘಾಟನೆ ಮುಗೀಲಿ, ಅವಳು ಮಾವನಿಗೆ ಫೋನ್ ಹಚ್ಚುತ್ತಾಳೆ, ಆ ಕಡೆ ಒಂದು ಜಗಲಿ ತುಂಬ ಗಂಡಸರ ದನಿ, ಮಾವ, ಹತ್ತು ಅಂತ ತೋರಿಸಿದ ಕೂಡಲೇ ಒತ್ತಬೇಡಿ, ಒಂದರಿಂದ ಐದು ಎಣಿಸಿ ಆಮೇಲೆ ಒತ್ತಿ, ಏನೇ, ತಲೆ ಸರಿ ಇದೆಯಾ ನಿಂಗೆ, ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆ ಸೈರನ್ ಆಗೋ ಮುಂಚೆ ಗೇಟಲ್ಲಿ ನಿಂತಿರ್ತಿದ್ದೆ ಕಣೇ, ಲೇಟು ಅಂತ ಒಂದು ದಿನ ಅನ್ನಿಸ್ಕೊಂಡಿಲ್ಲ, ಹಿಂದಿನಿಂದ ಯಾರೋ, ಮಾರಪ್ಪ ಇರಬೇಕು, ಪಾಳಿಯಲ್ಲಿ ಮಾವನ ಜೊತೆಗಿದ್ದವರು, ಈಗ ಹೆಂಡತಿಗೆ ಸರದಿ ಹಿಡಿಯಲು ಬಂದವರು, ಎಣಿಸಲಿ ಬಿಡಮ್ಮ, ಐದಲ್ಲ ಐವತ್ತು ಎಣಿಸಲಿ, ಹಾಲೇಶಣ್ಣನ ಸರದಿ ನಾನೇ ತಗೋತೀನಿ, ಜಗಲಿ ಪೂರ್ತಿ ನಗು, ಮತ್ತೆ ಮಾವ, ಎಲ್ರ ಫೋನಿನ ಟೈಮೂ ಒಂದೇ ಮಾಡಿ ಇಟ್ಕೊಂಡಿದೀವಿ, ಒಟ್ಟಿಗೇ ಒತ್ತೋದು, ಯಾಕೆ ಅಂತ ಹೇಳು ಮತ್ತೆ, ಯಾಕೆ ಎಣಿಸ್ಬೇಕು — ಕಾರಣ ಹೇಳಿದರೆ ಮಾವ ನಂಬುತ್ತಾರೆ, ಲೆಕ್ಕಕ್ಕೆ ತಲೆಬಾಗುವ ಮನುಷ್ಯ, ಆದರೆ ಕಾರಣ ಹೇಳಿದರೆ ಗೊತ್ತಿದ್ದೂ ಅಳಿಸಿದೆ ಎಂದು ಹೇಳಬೇಕು, ಸ್ಪೀಕರ್ ಮೇಲೆ, ಅಷ್ಟೂ ಜನ ಕೇಳುತ್ತಾರೆ, ಮಾರಪ್ಪನವರ ಮಗ ಪೇಪರಿನಲ್ಲಿ ಕೆಲಸಕ್ಕಿದ್ದಾನೆ, ಸುಮ್ನೆ ಹೇಳ್ದೆ ಮಾವ, ಅನ್ನುತ್ತಾಳೆ, ಸುಮ್ನೆ, ಅನ್ನುತ್ತಾಳೆ ಮತ್ತೆ, ಸರಿ ಇಡು, ನೆಟ್ ಖರ್ಚಾಗುತ್ತೆ, ಅನ್ನುತ್ತಾರೆ ಮಾವ.

ಒಂಬತ್ತು ಐವತ್ತಾರು, ಮತ್ತೆ ಮಾಡಬಹುದು, ಇನ್ನೂ ನಾಲ್ಕು ನಿಮಿಷ, ಒಂದೇ ವಾಕ್ಯ ಸಾಕು, ಬೆರಳು ಫೋನಿನ ಮೇಲಿದೆ, ಟೆಸ್ಟಿನ ನಲವತ್ತು ಜನರಿಗೆ ಹೆಸರಿರಲಿಲ್ಲ, ಯಂತ್ರ ಹುಟ್ಟಿಸಿದ ಅಂಕಿಗಳು, ಇವರಿಗೆ ಹೆಸರಿದೆ, ಕಾರ್ಖಾನೆಯ ಸಾಲುಮನೆಗಳಲ್ಲಿ ಇಂಥ ಜಗಲಿ ಎಷ್ಟು, ಸೈರನ್ ನಿಂತು ಎಷ್ಟು ವರ್ಷವಾದರೂ ಮೈಯಲ್ಲಿ ಅದನ್ನು ಇಟ್ಟುಕೊಂಡವರು, ತಡ ಮಾಡಲು ಬಾರದವರು, ಪಾದದ ಗುಳಿ, ಐವತ್ತೆಂಟು, ಮಾವನ ನಂಬರು ಬ್ಯುಸಿ, ಮತ್ತೆ ಬ್ಯುಸಿ, ಇಂಥ ಹೊತ್ತಲ್ಲಿ ಯಾರಿಗೆ ಫೋನ್ ಮಾಡುತ್ತಿದ್ದಾರೆ, ಇನ್ಯಾರಿಗೋ ಹೇಳುತ್ತಿರಬೇಕು, ಹತ್ತಕ್ಕೆ ಸರಿಯಾಗಿ ಒತ್ತಪ್ಪ ಎಂದು, ಐವತ್ತೊಂಬತ್ತು, ಪರದೆಯ ಮೇಲಿನ ಗೆರೆ ನೆಲಕ್ಕೆ ಮಲಗಿದೆ, ಹತ್ತು — ಗೆರೆ ನೆಟ್ಟಗೆ ಏಳುತ್ತದೆ, ಒಂದೇ ಸೆಕೆಂಡಿನಲ್ಲಿ ಇನ್ನೂರ ಹನ್ನೆರಡು ಬೆರಳು, ಮೂಲೆಯ ಹಸಿರು ಚೌಕದಲ್ಲಿ, ಪುಟ ತೆರೆದವರನ್ನಷ್ಟೇ ಲೆಕ್ಕ ಹಿಡಿದ ಸರಾಸರಿ ಒಂದು ಪಾಯಿಂಟ್ ಒಂಬತ್ತು, ಹಸಿರು, ಎಲ್ಲ ಹಸಿರು, ಪಾದದ ಮೇಲೆ ಹೆಬ್ಬೆರಳಿನ ಗುಳಿ, ತುಂಬುತ್ತಿಲ್ಲ, ಅತ್ತೆ ಬೆರಳು ತೆಗೆದಿದ್ದಾರೆ, ಗುಳಿ ಹಾಗೇ ಇದೆ, ತುಂಬುತ್ತಿಲ್ಲ, ಗುಳಿ —

ಹತ್ತು ಗಂಟೆ ದಾಟಿ ಇಪ್ಪತ್ತಾರನೇ ಸೆಕೆಂಡಿಗೆ ತೊಂಬತ್ತಾರು ಸರದಿಯೂ ಭರ್ತಿಯಾದವು. ಹಾಲೇಶ್ ಅವರ ಫೋನಿನಲ್ಲಿ ಪುಟ ತೆರೆದದ್ದು ಮೂವತ್ತಮೂರನೇ ಸೆಕೆಂಡಿಗೆ.