ಕೆಂಪಸಿದ್ದಯ್ಯನ ಶತ್ರು ನಕ್ಷೆ

ಎಪ್ಪತ್ತೊಂದರ ಯುದ್ಧ ಮುಗಿಸಿ, ಪೆನ್ಷನ್ ಪಡೆದು ಕೊಪ್ಪಕ್ಕೆ ಮರಳಿದ ಕೆಂಪಸಿದ್ದಯ್ಯ ಟ್ರಂಕಿನಲ್ಲಿ ಒಂದು ನಕ್ಷೆ ತಂದಿದ್ದ. ಪೂರ್ವದ ಗಡಿಯಾಚೆ ಶತ್ರುಗಳು ಬಿಟ್ಟೋಡಿದ ಬಂಕರಿನಲ್ಲಿ ಸಿಕ್ಕಿದ್ದು. ಮದ್ದೂರಿನಲ್ಲಿ ಗಾಜಿನ ಫ್ರೇಮು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳ ಪಕ್ಕ ತೂಗುಹಾಕಿದ. ಎರಡು ವರ್ಷ ಬಂದವರೆಲ್ಲ ನೋಡಿದರು, ಕಾಫಿ ಕುಡಿದು ಹೋದರು.

ಆಮೇಲೆ ಅದು ಕಸ್ತೂರಿರಂಗ ಮೇಷ್ಟ್ರ ಕಣ್ಣಿಗೆ ಬಿತ್ತು. ಮದ್ದೂರಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಕೆಂಪಸಿದ್ದಯ್ಯ ಅವರ ಹಳೆಯ ಶಿಷ್ಯ.

"ಇದು ಅಸಲಿಯೋ ಅಲ್ಲವೋ, ಸಂಶೋಧನೆ ಆಗಬೇಕು" ಎಂದರು.

"ನಾನೇ ತಂದಿದ್ದಲ್ವಾ ಮೇಷ್ಟ್ರೇ. ಇನ್ನೇನ್ ಸಂಸೋದ್ನೆ?"

"ನೀನು ತಂದದ್ದು ಸಾಕ್ಷಿಯಾಗೋದಿಲ್ಲಪ್ಪ. ಅಡಿಟಿಪ್ಪಣಿ ಬೇಕು."

ಎಂಟು ತಿಂಗಳು ಮೇಷ್ಟ್ರು ಭೂತಗನ್ನಡಿ ಹಿಡಿದು ಕೂತರು. ನಕ್ಷೆ ಬ್ರಿಟಿಷರ ಕಾಲದಲ್ಲಿ ಕಲ್ಕತ್ತಾದಲ್ಲಿ ಅಚ್ಚಾದದ್ದು; ಅದರ ಮೇಲೆ ಶತ್ರು ರೆಜಿಮೆಂಟಿನ ಮೊಹರು, ಕೆಂಪು ಪೆನ್ಸಿಲಿನಲ್ಲಿ ಫಿರಂಗಿಗಳ ಗುರುತು. ಮೈಸೂರಿನ ಗ್ರಂಥಾಲಯಕ್ಕೆ ಹನ್ನೊಂದು ಸಲ ಬಸ್ಸು ಹತ್ತಿ ಮೊಹರನ್ನು ತಾಳೆ ನೋಡಿದರು. ಕೊನೆಗೆ ಮಂಡ್ಯದ ಸಭೆಯೊಂದರಲ್ಲಿ ಪ್ರಬಂಧ ಓದಿ, ನೂರಕ್ಕೆ ನೂರು ಅಸಲಿ ಎಂದು ಸಾರಿದರು. ಪತ್ರಿಕೆಯಲ್ಲಿ ಫೋಟೊ ಬಂತು, ಮೇಷ್ಟ್ರದು, ಕೆಂಪಸಿದ್ದಯ್ಯನದಲ್ಲ.

ಮರುವಾರ ಕೊಪ್ಪಕ್ಕೆ ಜೀಪು ಬಂತು. ಇಳಿದ ಅಧಿಕಾರಿ, "ಗಡಿಯ ಸೇನಾ ನಕ್ಷೆ ಖಾಸಗಿಯವರ ಮನೇಲಿ ಇರೋ ಹಾಗಿಲ್ಲ" ಎಂದ.

"ಮೂರ್ ವರ್ಸದಿಂದ ಇಲ್ಲೇ ಐತಲ್ಲ ಸಾ?"

"ಆಗ ಅದು ಬರೀ ಪಟ. ಈಗ ಮೇಷ್ಟ್ರು ಅಸಲಿ ಅಂತ ರುಜುವಾತು ಮಾಡಿಬಿಟ್ಟಿದ್ದಾರೆ."

ನಕ್ಷೆ ಜೀಪು ಹತ್ತಿತು. ಕೆಂಪಸಿದ್ದಯ್ಯ ನೇರ ಮದ್ದೂರಿಗೆ ಬಂದ. "ಗ್ವಾಡೆ ಮ್ಯಾಲೆ ಅದ್ರ ಪಾಡ್ಗೆ ಅದಿತ್ತು ಮೇಷ್ಟ್ರೇ. ನಿಮ್ ಬಾಯಿಂದ ಓಯ್ತು, ನಿಮ್ ಬಾಯಿಂದ್ಲೇ ಬರ್ಬೇಕು."

ಮೇಷ್ಟ್ರಿಗೆ ನಾಚಿಕೆಯಾಯಿತು. ಅಂದೇ ಎರಡನೆಯ ಪ್ರಬಂಧ ಬರೆದರು: ಮೊಹರಿನ ಶಾಯಿ ಅನುಮಾನಾಸ್ಪದ, ಪೆನ್ಸಿಲು ಶಾಲಾ ಮಕ್ಕಳದು, ನಕ್ಷೆ ನಕಲಿ. ಅಸಲಿ ಎನ್ನಲು ಎಂಟು ತಿಂಗಳು ಹಿಡಿದಿತ್ತು. ನಕಲಿ ಎನ್ನಲು ಊಟವಾದ ಮೇಲಿನ ಎರಡು ಗಂಟೆ ಸಾಕಾಯಿತು. ನಕ್ಷೆ ಒಯ್ದ ಕಚೇರಿಯವರು ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಂಡರು.

ಆದರೆ ನಕ್ಷೆ ಬಿಡಿಸಿಕೊಳ್ಳಲು ಕೆಂಪಸಿದ್ದಯ್ಯ ಕಚೇರಿಗೆ ಹೋಗಿ ಒಂದು ಹೇಳಿಕೆಗೆ ಸಹಿ ಹಾಕಬೇಕಿತ್ತು: ನಕ್ಷೆಯನ್ನು ಕಲ್ಕತ್ತಾದ ಬೀದಿಯಲ್ಲಿ ಕೊಂಡೆ, ಬಂಕರಿನ ಮಾತು ಸುಳ್ಳು. ಅವನು ಪೆನ್ನು ಹಿಡಿದು ಅಧಿಕಾರಿಯನ್ನು ಕೇಳಿದ.

"ಆ ಬಂಕರ್ ಅತ್ರ ನಮ್ಮೋರು ಇಬ್ರು ಸತ್ತೋದ್ರು ಸಾ. ಅವ್ರು ಎಲ್ ಸತ್ರು ಅಂತ ಬರೀಲಿ?"

"ಫಾರಂನಲ್ಲಿ ಆ ಕಾಲಂ ಇಲ್ಲ" ಎಂದ ಅಧಿಕಾರಿ.

ಸಹಿ ಹಾಕಿದ. ಅದರಲ್ಲಿದ್ದ ನದಿಯ ಮೇಲೆ ಅಡ್ಡಲಾಗಿ 'ನಕಲಿ' ಎಂಬ ನೀಲಿ ಮುದ್ರೆ ಹೊತ್ತು ನಕ್ಷೆ ಮನೆಗೆ ಬಂತು. ಅದನ್ನವನು ಮಲಗುವ ಕೋಣೆಯಲ್ಲಿ ಹಾಕಿಕೊಂಡ.

ತಿಂಗಳಾದ ಮೇಲೆ ಕಸ್ತೂರಿರಂಗ ಮೇಷ್ಟ್ರಿಗೆ ಕಾಗದ ಬಂತು: ನಕಲಿ ವಸ್ತುಗಳ ಪತ್ತೆ ಸಮಿತಿಗೆ ತಮ್ಮನ್ನು ನೇಮಿಸಲಾಗಿದೆ. ಮೇಷ್ಟ್ರು ಬೇಡವೆನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಶಿಷ್ಯನಿಗೆ ತಡವರಿಸುತ್ತ ಹೇಳಿದರು.

"ಓಗ್ಬನ್ನಿ ಮೇಷ್ಟ್ರೇ" ಎಂದ ಕೆಂಪಸಿದ್ದಯ್ಯ. "ಯಾವ್ದುನ್ನೂ ಅಸ್ಲಿ ಅಂತ ಮಾತ್ರ ಅಂದ್ಬುಡ್ಬೇಡಿ."

ಮೇಷ್ಟ್ರು ನಗಲಿಲ್ಲ. ಮಂಡ್ಯದ ಬಸ್ಸು ಬಂದಿತ್ತು, ಹತ್ತಿದರು.